ದೋಣಿಗೆ ಬಂದ ತಾಮ್ರದ ಬಂಬ

ನಮ್ಮ ನದಿದಾಟು ಕಮಿಟಿಯವರು ಘಟಪ್ರಭೆಗೆ ಬಿಸಿನೀರಿನ ಸ್ನಾನ ಮಾಡಿಸಲು ಹೊರಟಿದ್ದಾರೆ.

ಇದು ಹಾಸ್ಯವಲ್ಲ, ಆರೋಪ. ದೋಣಿಯ ತಳದಲ್ಲಿ ಕೂಡುವ ನೀರನ್ನು ಹೊರಗೆ ಹಾಕುವ ಪಂಪನ್ನು ನಾವು ಕೇಳಿದೆವು. ಕಮಿಟಿಯವರು ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಬಂಬವನ್ನು ಕೊಟ್ಟರು. ಕೊಟ್ಟದ್ದು ತಪ್ಪೆಂದು ಒಪ್ಪಲಿಲ್ಲ. ಬೇರೆಯದನ್ನು ಕೊಡಲಿಲ್ಲ. ಮಿರಗದ ಮಳೆ, ಅಂದರೆ ಮೃಗಶಿರೆಯ ಮುಂಗಾರು, ಬಾಗಿಲಿಗೆ ಬಂದು ನಿಂತಿದೆ. ಹೊಳೆಗೆ ತುಂಬುವುದಷ್ಟೇ ಗೊತ್ತು. ಕಮಿಟಿಯ ತಪ್ಪು ತಿದ್ದುವವರೆಗೆ ಕಾಯುವುದು ಅದಕ್ಕೆ ಗೊತ್ತಿಲ್ಲ.

ಕ್ರಮವಾಗಿ ಹೇಳುತ್ತೇನೆ. (ಈ ಅಂಕಣವನ್ನು ವಾರವಾರವೂ ಓದುವವರಿಗೆ ಗೊತ್ತಿದೆ, ಸಿಟ್ಟು ಬಂದರೆ ನನ್ನ ಕ್ರಮ ತಪ್ಪುತ್ತದೆ. ಈ ಸಲ ತಪ್ಪಗೊಡುವುದಿಲ್ಲ.)

ಬೇಸಿಗೆಯ ಒಂದು ಮುಂಜಾನೆ ಮೇಲವಂಕಿಯ ಹತ್ತಿರದ ದೋಣಿಗಟ್ಟೆಗೆ ಒಂದು ಚಕ್ಕಡಿ ಬಂತು. ಮೇಲೆ ಗೋಣಿತಟ್ಟು ಮುಚ್ಚಿದ ಒಂದು ದುಂಡನೆಯ ವಸ್ತು. ಹಿಂದೆ, ಕೊಡೆ ಹಿಡಿದುಕೊಂಡು, ಕಮಿಟಿಯ ಹುಕ್ಕೇರಿಯ ಸದಸ್ಯರು. ಅವರು ವ್ಯಾಪಾರಸ್ಥರು, ಎಲ್ಲರೂ ಸಾವಕಾರರೆಂದೇ ಕರೆಯುತ್ತಾರೆ. ಸಾವಕಾರರು ತಮ್ಮ ಕೈಯಿಂದಲೇ ತಟ್ಟನ್ನು ಸರಿಸಿದರು.

ಬೆಳಗಿನ ಬಿಸಿಲಿಗೆ ತಾಮ್ರ ಥಳಥಳ ಹೊಳೆಯಿತು. ಮೂರು ಕಾಲು, ಹೊಟ್ಟೆಗೆ ಒಂದು ಹಿತ್ತಾಳೆಯ ನಲ್ಲಿ, ನಡುವೆ ಹೊಗೆ ಹೋಗುವ ಕೊಳವೆ. ಕೊರಳಿಗೆ ಚೆಂಡುಹೂವಿನ ಮಾಲೆ. ತೆಂಗಿನಕಾಯಿಯನ್ನೂ ತಂದಿದ್ದರು.

ದೋಣಿ ನಡೆಸುವ ಯಲ್ಲಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

‘ಸಾವಕಾರ್ರ, ಇದು ನೀರ ತಗೀತೈತ್ಯೋ, ಕಾಸತೈತ್ಯೋ?’

‘ಬಂಬ ಅಂದ್ರ ಬಂಬೋ ಯಲ್ಲಪ್ಪಾ. ಮುಟ್ಟಿ ನೋಡ, ಅಸಲ ತಾಮ್ರ ಐತಿ. ಬೆಳಗಾವ್ಯಾಗ ಇಂಥಾದ್ದು ಇನ್ನೊಂದಿಲ್ಲ.’

‘ತಾಮ್ರ ಖರೆ ಐತ್ರಿ. ಆದ್ರ ಇದಕ ಕೆಳಗ ಕೆಂಡ ಹಾಕಬೇಕಲ್ರಿ? ಕಟಗೀ ದೋಣ್ಯಾಗ ಕೆಂಡ ಹಾಕಿದ್ರ ಮುಳುಗೂದಕಿಂತ ಮದಲ ಸುಟ್ಟ ಹೊಕ್ಕೇವಿ!’

ಆಡಿನ ಹಗ್ಗ ಹಿಡಿದು ದೋಣಿಗಾಗಿ ಕಾಯುತ್ತ ಕುಳಿತಿದ್ದ ಕಲ್ಲೋಳಿಯ ಬಾಳವ್ವ ಸುಮ್ಮನಿರುವ ಮುದುಕಿಯಲ್ಲ. ‘ಇರಲಿ ಬಿಡೋ ಯಪ್ಪಾ. ಥಂಡ್ಯಾಗ ದಾಟೂ ಮುಂದ ಎಲ್ಲಾರಿಗೂ ಒಂದೊಂದ ತಂಬಗಿ ಬಿಸಿನೀರ ಹಾಕ. ಹೊಳಿ ದಾಟಿದ್ಹಾಂಗೂ ಆತು, ಜಳಕ ಮಾಡಿದ್ಹಾಂಗೂ ಆತು!’ ಎಂದಳು.

ದಂಡೆಯೆಲ್ಲ ನಕ್ಕಿತು. ಸಾವಕಾರರೂ ಅರ್ಧ ನಕ್ಕರು. ಅಲ್ಲಿ ನಗದೆ ನಿಂತವಳು ನನ್ನ ಅಕ್ಕ ಒಬ್ಬಳೇ.

ಅಕ್ಕನ ವಿಷಯ ಹೇಳದಿದ್ದರೆ ಈ ಬರಹದ ಸಿಟ್ಟು ಓದುಗರಿಗೆ ಅರ್ಥವಾಗುವುದಿಲ್ಲ. ಅವಳು ಆಚೆ ದಂಡೆಯ ಊರಿನ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ. ಅಲ್ಲಿ ಇರುವವಳು ಅವಳೊಬ್ಬಳೇ. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರಲ್ಲವೇ, ಹಾಗಾಗಿ ನನಗೆ ಅಕ್ಕ, ಎರಡೂ ದಂಡೆಯವರಿಗೆ ಅಕ್ಕೋರು. ಬೆಳಿಗ್ಗೆ ದೋಣಿ ಹತ್ತಿ ಹೋಗುತ್ತಾಳೆ, ಸಂಜೆ ದೋಣಿ ಹತ್ತಿ ಬರುತ್ತಾಳೆ. ಸೇತುವೆಯ ದಾರಿ ಹಿಡಿದರೆ ಶಾಲೆ ಮುಟ್ಟುವ ಹೊತ್ತಿಗೆ ಶಾಲೆ ಬಿಡುವ ಹೊತ್ತಾಗಿರುತ್ತದೆ. ಆಚೆಯೇ ಮನೆ ಮಾಡಿಕೊಂಡು ಇರಬಾರದೇ ಎಂದು ಕೇಳುವ ಮಹನೀಯರಿದ್ದಾರೆ. ಒಂಟಿ ಹೆಣ್ಣಿಗೆ ಬಾಡಿಗೆಗೆ ಮನೆ ಕೊಡುವ ಇನ್ನೊಬ್ಬ ಮಹನೀಯರನ್ನು ಅವರೇ ಹುಡುಕಿಕೊಡಲಿ.

ಹೋದ ಮಳೆಗಾಲದಲ್ಲಿ ಕಮಿಟಿ ದೋಣಿಯನ್ನು ದಂಡೆಗೆ ಎಳೆಯಿಸಿ ಸರಪಳಿ ಹಾಕಿ ಬೀಗ ಜಡಿಯಿತು. ಕಾರಣ: ದೋಣಿಯ ತಳಕ್ಕೆ ನೀರು ಬರುತ್ತದೆ, ಅದನ್ನು ಹೊರಗೆ ಹಾಕುವ ಸಾಧನವಿಲ್ಲ, ನೆರೆಯಲ್ಲಿ ಓಡಿಸುವುದು ಅಪಾಯ. ಕಾರಣ ಸರಿಯಾಗಿಯೇ ಇತ್ತು. ಕಟ್ಟಿಗೆಯ ದೋಣಿ ನೀರು ಕುಡಿಯುತ್ತದೆ. ಯಲ್ಲಪ್ಪ ಬೇಸಿಗೆಯಲ್ಲಿ ಸಂದುಗಳಿಗೆ ಅರಳೆ ತುರುಕಿ ರಾಳ ಎಣ್ಣೆ ಬಳಿದರೂ ಅದು ಕುಡಿಯುತ್ತದೆ. ಮೇಲಿನಿಂದ ಮಳೆ, ಪಕ್ಕದಿಂದ ತೆರೆ. ಕತ್ತರಿಸಿದ ರಾಕೇಲ (ಸೀಮೆಎಣ್ಣೆ) ಡಬ್ಬಿಯಿಂದ ನೀರು ತೋಡಬೇಕು. ತೋಡುವ ಕೈ ಹುಟ್ಟು ಹಾಕಲಾರದು, ಹುಟ್ಟು ಹಾಕುವ ಕೈ ತೋಡಲಾರದು.

ದೋಣಿ ನಿಂತಿತು, ಶಾಲೆಯೂ ನಿಂತಿತು. ನೀರು ಇಳಿದ ಮೇಲೆ ಅಕ್ಕ ಹೋಗಿ ಬಾಗಿಲು ತೆರೆದಾಗ ದೊಡ್ಡ ಹುಡುಗಿಯರ ಸಾಲು ಬರಿದಾಗಿತ್ತು. ಒಬ್ಬಳಿಗೆ ಮದುವೆಯಾಗಿತ್ತು, ಇನ್ನೊಬ್ಬಳು ಕಳೆ ತೆಗೆಯಲು ಹೋಗುತ್ತಿದ್ದಳು, ಮತ್ತೊಬ್ಬಳ ಕಂಕುಳಲ್ಲಿ ತಮ್ಮ ಕುಳಿತಿದ್ದ. ತಪಾಸಣೆಗೆ ಬಂದ ಸಾಹೇಬರು ಸಾಲನ್ನು ನೋಡಿ, ಮುಂದಿನ ವರ್ಷವೂ ಹೀಗಾದರೆ ಶಾಲೆಯನ್ನೇ ತೆಗೆಯಬೇಕಾದೀತೆಂದು ಹೇಳಿ ಹೋದರು.

ಅಂದು ಅಕ್ಕ ಮನೆಗೆ ಬಂದು ಹೇಳಿದ ಮಾತು ನನ್ನ ತಲೆಯಲ್ಲಿ ಇನ್ನೂ ಕುಳಿತಿದೆ: ‘ಗಂಡಮಕ್ಕಳ ಸಾಲಿಗೆ ಸೂಟಿ ಕೊಟ್ರ ಹುಡುಗೂರು ತಿರಿಗಿ ಬರತಾವು. ಹುಡಿಗೇರಿಗೆ ಸೂಟಿ ಕೊಟ್ರ ಬರೂದಿಲ್ಲೋ ತಮ್ಮಾ.’

ಆದ್ದರಿಂದಲೇ ಈ ವರ್ಷ ಯುಗಾದಿ ಮುಗಿಯುತ್ತಿದ್ದಂತೆ ಅಕ್ಕನೂ ನಾನೂ ಮೂಡಲಗಿಗೆ ಹೋಗಿ ಕಮಿಟಿಯ ಮೀಟಿಂಗಿನ ಮುಂದೆ ನಿಂತೆವು. ದೋಣಿಗೆ ಬೀಗ ಬೇಡ, ಪಂಪು ಬೇಕೆಂದೆವು. ಚೇರಮನ್ ಸಾಹೇಬರು ಗಮನವಿಟ್ಟು ಕೇಳಿದರು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು.

‘ಪಂಪ ಅಂದ್ರ ಬಂಬ ಅಲ್ಲೇನ್ರಿ?’ ಎಂದರು.

‘ಹೌದ್ರಿ, ದೋಣೀ ತಳದಾಗಿನ ನೀರ ಹೊರಗ ಹಾಕೂ ಬಂಬ,’ ಎಂದೆ.

‘ಆತು. ತರಸೂಣು.’

ಎಂಥ ಆನಂದ! ಬರುವಾಗ ಅಕ್ಕ ಪೇಟೆಯಲ್ಲಿ ನಿಂತು ಹುಡುಗಿಯರಿಗೆಂದು ಬೆಲ್ಲ ಶೇಂಗಾ ಕಟ್ಟಿಸಿಕೊಂಡಳು.

ಇಲ್ಲಿ ನಮ್ಮ ನಾಡಿನ ಒಂದು ಶಬ್ದದ ಚರಿತ್ರೆಯನ್ನು ಹೇಳಬೇಕು. ಬೆಂಕಿ ಬಿದ್ದರೆ ಆರಿಸಲು ಬರುವುದೂ ಬಂಬ. ಬಾವಿಯಿಂದ ನೀರು ಎತ್ತುವುದೂ ಬಂಬ. ಬಚ್ಚಲಲ್ಲಿ ನೀರು ಕಾಯಿಸುವುದೂ ಬಂಬ. ಒಂದು ಬೆಂಕಿಯನ್ನು ಕೊಲ್ಲುತ್ತದೆ, ಇನ್ನೊಂದು ಬೆಂಕಿಯನ್ನು ಹೊಟ್ಟೆಯಲ್ಲಿಟ್ಟು ಸಾಕುತ್ತದೆ. ಹೆಸರು ಮಾತ್ರ ಒಂದೇ. ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ‘ಬಂಬ ಹೊತ್ತಿಸು’ ಎಂದರೆ ಯಾವ ಸೊಸೆಯೂ ಬಾವಿಯ ಕಡೆ ಓಡುವುದಿಲ್ಲ. ಏಕೆ? ಯಾತಕ್ಕೆಂಬುದು ಅವಳಿಗೆ ಗೊತ್ತಿರುತ್ತದೆ.

ಚೇರಮನ್ ಸಾಹೇಬರು ತಮ್ಮ ಕಾರಕೂನರಿಗೆ ‘ದೋಣಿಗೆ ನೀರಿನ ಬಂಬ’ ಎಂದರಂತೆ. ಕಾರಕೂನರು ಹುಕ್ಕೇರಿಯ ಸಂತೆಯಲ್ಲಿ ಸಾವಕಾರರನ್ನು ಕಂಡು ‘ಕಮಿಟಿಗೆ ಒಂದು ಚಲೋ ನೀರಿನ ಬಂಬ’ ಎಂದರಂತೆ. ಮೂಡಲಗಿಯಿಂದ ಹೊರಟ ಮಾತು ಹುಕ್ಕೇರಿ ಮುಟ್ಟುವಷ್ಟರಲ್ಲಿ ದೋಣಿ ದಾರಿಯಲ್ಲಿ ಬಿದ್ದುಹೋಯಿತು. ಸಾವಕಾರರು ಬೆಳಗಾವಿಯ ತಾಂಬಟಗಾರರ ಓಣಿಗೆ ಹೋಗಿ ನಿಜವಾಗಿಯೂ ಒಳ್ಳೆಯ ಬಂಬವನ್ನೇ ಆರಿಸಿದರು. ಯಾರೊಬ್ಬರೂ ‘ಯಾತಕ್ಕ?’ ಎಂದು ಕೇಳಲಿಲ್ಲ. ಶಬ್ದಕ್ಕೆ ಮೂರು ಅರ್ಥವಿದ್ದದ್ದು ಅಪರಾಧವೇ? ಅಲ್ಲ. ಕೇಳಬೇಕಾದವರಿಗೆ ಬಾಯಿ ಇದ್ದೂ ಕೇಳದಿದ್ದದ್ದು ಅಪರಾಧ.

ಆದರೂ ತಪ್ಪು ಯಾರಿಗೂ ಆಗುತ್ತದೆ. ನಾನು ಅಷ್ಟು ಕಠೋರನಲ್ಲ. ಕಂಡ ತಪ್ಪನ್ನು ತಿದ್ದಿದ್ದರೆ ಈ ವಾರ ನಾನು ಬೇರೆ ವಿಷಯವನ್ನು ಬರೆಯುತ್ತಿದ್ದೆ. ಚೇರಮನ್ ಸಾಹೇಬರು ದೋಣಿಗಟ್ಟೆಗೆ ಬಂದು ಬಂಬವನ್ನು ನೋಡಿದ ದಿನ ನಡೆದ ಮಾತು ಹೀಗಿದೆ.

‘ನೀವ ಬಂಬ ಬೇಕಂದ್ರಿ. ಬಂಬ ಕೊಟ್ಟೇವಿ.’

‘ಸಾಹೇಬ್ರ, ಇದು ಬಚ್ಚಲದ ಬಂಬ್ರಿ.’

‘ನೀರಿಂದು ಹೌದಲ್ಲೋ?’

‘ನೀರಿಂದ ಹೌದ್ರಿ.’

‘ಮತ್ತ?’

ಪುಣೆಯ ಕಾಲೇಜಿನಲ್ಲಿ ನನಗೆ ತರ್ಕಶಾಸ್ತ್ರವನ್ನು ಕಲಿಸಿದ್ದಾರೆ. ಈ ‘ಮತ್ತ?’ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಮನೆಗೆ ಬಂದು ನಾನು ಕಿಡಿಕಾರುತ್ತಿದ್ದಾಗ ಅಕ್ಕ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಮೊರವನ್ನು ಕೆಳಗಿಟ್ಟು ಕೇಳಿದಳು: ‘ಅವರಿಗೆ ಯಾವ ಬಂಬ ಬೇಕು ಅನ್ನೂದು ಗೊತ್ತಿಲ್ಲ, ಖರೆ. ನಮಗರೆ ಗೊತ್ತೈತೇನು? ನಾಳೆ ಅವರು ನಿನ್ನ ಮುಂದ ಹತ್ತು ನಮೂನೀ ಪಂಪ ತಂದಿಟ್ರ ಯಾವುದಕ ಬಟ್ಟ ಮಾಡಿ ತೋರಸಾಂವ?’

ಒಳ್ಳೆಯ ಪ್ರಶ್ನೆ! ಅಲ್ಲಿಂದ ಶುರುವಾಯಿತು ನೋಡಿರಿ ನಮ್ಮ ಪಂಪಿನ ಬೇಟೆ. ಓದುಗರೇ, ಒಂದು ಪಂಪನ್ನು ಆರಿಸುವುದರಲ್ಲಿ ಇಷ್ಟು ರೋಮಾಂಚನವಿದೆಯೆಂದು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ನಾನು ಕಾವ್ಯವನ್ನು ಬಿಟ್ಟು ಯಂತ್ರಶಾಸ್ತ್ರವನ್ನೇ ಓದುತ್ತಿದ್ದೆ.

ಗೋಕಾಕದ ಒಂದು ವರ್ಕಶಾಪಿನಲ್ಲಿ ಚಕ್ರದ ಪಂಪನ್ನು ಕಂಡೆವು. ಹಿಡಿಕೆ ತಿರುಗಿಸಿದರೆ ಒಳಗಿನ ರೆಕ್ಕೆಗಳು ತಿರುಗಿ ನೀರನ್ನು ತಳ್ಳುತ್ತವೆ. ಎಂಥ ನಯ! ನಾನು ಅಲ್ಲಿಯೇ ಅದಕ್ಕೆ ಮನಸೋತೆ. ಪಕ್ಕದಲ್ಲಿ ರಾಕೇಲ ಎಣ್ಣೆಯಿಂದ ನಡೆಯುವ ಇಂಜಿನ್ ಪಂಪೂ ಇತ್ತು. ಅದರ ಸದ್ದಿಗೆ ಬೀದಿಯ ನಾಯಿಗಳು ಓಡಿದವು. ಅದನ್ನು ಇಟ್ಟರೆ ನಮ್ಮ ಸಣ್ಣ ದೋಣಿಯಲ್ಲಿ ಅದೊಂದೇ ಪ್ರಯಾಣ ಮಾಡಬೇಕು.

ಅಕ್ಕ ಮಾತ್ರ ಚಕ್ರದ ಪಂಪಿನ ಮುಂದೆ ನಿಂತು ಬೇರೆಯೇ ಏನನ್ನೋ ನೋಡುತ್ತಿದ್ದಳು. ‘ಇದನ್ನ ನಿಂತ ತಿರವಬೇಕಲ್ಲ?’ ಎಂದಳು.

‘ಹೌದ್ರಿ ಬಾಯಾರ, ನಿಂತರ ಜೋರ ಬರತೈತಿ,’ ಎಂದ ವರ್ಕಶಾಪಿನವ.

‘ತೆರಿ ಇದ್ದಾಗ ದೋಣ್ಯಾಗ ಯಾರ ನಿಲ್ಲತಾರ್ರಿ? ಯಲ್ಲಪ್ಪನ ಎರಡೂ ಕೈಯಾಗ ಹುಟ್ಟ ಇರತೈತಿ. ಪಂಪ ಹೊಡ್ಯಾವರು ಕುಂತ ಮಂದಿ. ನಾವ. ಸೀರಿ ಉಟಗೊಂಡ ಕುಂತಾಕಿ ಕೈಲೆ ಆಗೂವಂಥಾದ್ದು ಬೇಕು.’

ನಾನು ಪಂಪನ್ನು ನೋಡುತ್ತಿದ್ದೆ. ಅಕ್ಕ ಅದನ್ನು ನಡೆಸುವವರನ್ನು ನೋಡುತ್ತಿದ್ದಳು. ಆಯ್ಕೆಯ ಮೊದಲ ಪಾಠ ಇದೇ ಎಂದು ನಾನು ಈಗ ನಂಬಿದ್ದೇನೆ. ಪಂಪಿಗೂ ಸರಿ, ಕಮಿಟಿಗೂ ಸರಿ.

ಮೂರನೆಯದು ಸಿಕ್ಕಿದ್ದು ಹತ್ತರಗಿಯ ಬಳಿ. ಅಲ್ಲಿ ರಸ್ತೆಗೆ ಹೊಸ ಮೋರಿ ಕಟ್ಟುತ್ತಿದ್ದಾರೆ. ಪಾಯದ ಗುಂಡಿಯಲ್ಲಿ ನಿಂತ ನೀರನ್ನು ಗುತ್ತಿಗೆದಾರರ ಆಳುಗಳು ಒಂದು ವಿಚಿತ್ರ ಪಂಪಿನಿಂದ ಹೊರಗೆ ಹಾಕುತ್ತಿದ್ದರು. ಕಪ್ಪೆ ಕುಳಿತ ಹಾಗೆ ಅಗಲವಾಗಿ ಕುಳಿತಿತ್ತು ಅದು. ಒಳಗೆ ಕಮ್ಮಾರನ ತಿದಿಯಂತೆ ಒಂದು ದಪ್ಪ ತೊಗಲು. ಮೇಲೆ ಉದ್ದನೆಯ ಲಿವರು. ಲಿವರನ್ನು ಎತ್ತಿದರೆ ತೊಗಲು ಉಬ್ಬಿ ನೀರನ್ನು ಎಳೆದುಕೊಳ್ಳುತ್ತದೆ, ಒತ್ತಿದರೆ ಉಗುಳುತ್ತದೆ. ಕೆಸರು, ಮರಳು, ಸಣ್ಣ ಹರಳು, ಎಲ್ಲವನ್ನೂ ಉಗುಳುತ್ತಿತ್ತು! ರೂಪವಿಲ್ಲ, ನಯವಿಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ.

ಗುತ್ತಿಗೆದಾರರು ನಮ್ಮ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಒಯ್ರಿ, ಪರೀಕ್ಷಾ ಮಾಡ್ರಿ. ಆದ್ರ ಮಿರಗದ ಮದಲ ನನ್ನ ಪಂಪ ನನಗ ತಿರಿಗಿ ಬರಬೇಕು. ಮಳಿ ಹತ್ತಿದ್ರ ನನ್ನ ಗುಂಡಿನೂ ತುಂಬತೈತಿ. ಮತ್ತ ಬಚ್ಚಲದ ಬಂಬ ಕೊಟ್ಟ ಕಳಿಸೀರಿ!’

ಭಾನುವಾರ ಪರೀಕ್ಷೆ ಎಂದು ಎರಡೂ ದಂಡೆಗೆ ಸುದ್ದಿ ಹೋಯಿತು. ಕಮಿಟಿಗೂ ಹೇಳಿಕಳಿಸಿದೆವು. ಚೇರಮನ್ ಸಾಹೇಬರು ಬರಲಿಲ್ಲ. ಸಾವಕಾರರು ಬಂದರು, ಬರಿಗೈಯಲ್ಲಿ ಅಲ್ಲ, ಬಗಲಲ್ಲಿ ಒಂದು ಹಿತ್ತಾಳೆಯ ಪಿಚಕಾರಿ ಪಂಪನ್ನು ಹಿಡಿದುಕೊಂಡು. ಬಂಬದ ಅಪಮಾನವನ್ನು ತೊಳೆದುಕೊಳ್ಳಬೇಕೆಂದು ಅವರೂ ಹಟ ತೊಟ್ಟಿದ್ದರು. ಈ ಹಟಕ್ಕೆ ನಾನು ಮನಸಾರೆ ಗೌರವ ಕೊಡುತ್ತೇನೆ.

ಕುಸ್ತಿಯ ಕಣಕ್ಕೆ ಸೇರುವಷ್ಟು ಜನ ಸೇರಿದ್ದರು. ದೋಣಿಯನ್ನು ಮೊಣಕಾಲುದ್ದ ನೀರಿನಲ್ಲಿ ಕಟ್ಟಿ, ಒಳಗೆ ಸುಣ್ಣದ ಗೆರೆ ಎಳೆದು, ಗೆರೆಯವರೆಗೆ ನೀರು ತುಂಬಿದೆವು. ಶುದ್ಧ ನೀರಿನಲ್ಲಿ ಯಾವ ಪಂಪೂ ಶೂರನೇ. ನಮ್ಮ ದೋಣಿಯ ತಳದಲ್ಲಿ ನಿಜವಾಗಿ ಇರುವುದೇನು? ಕಾಲಿನ ಕೆಸರು, ಮೇವಿನಿಂದ ಉದುರಿದ ಜೋಳದ ಒಣಗರಿಯ ರವದಿ, ಶೇಂಗಾದ ಸಿಪ್ಪೆ, ಆಡಿನ ಹಿಕ್ಕೆ. ಎಲ್ಲವನ್ನೂ ಬುಟ್ಟಿಯಲ್ಲಿ ತಂದು ನೀರಿಗೆ ಸುರಿದೆವು.

‘ನನ್ನ ಆಡಿನ ಹಿಕ್ಕಿನೂ ಪರೀಕ್ಷಾಕ ಕುಂತತಲ್ಲೋ ಯವ್ವಾ!’ ಎಂದಳು ಬಾಳವ್ವ. ‘ನಮ್ಮ ಮನ್ಯಾಗ ಸಾಲಿ ಮುಖಾ ನೋಡಿದ್ದು ಅದೊಂದ!’

ಮೊದಲು ಸಾವಕಾರರ ಪಿಚಕಾರಿ. ಯಲ್ಲಪ್ಪ ಹಿಡಿದು ಎಳೆದ. ನೀರು ಸರ್ರೆಂದು ಆಳೆತ್ತರ ಹಾರಿತು! ಜನ ಚಪ್ಪಾಳೆ ತಟ್ಟಿದರು, ಸಾವಕಾರರು ಮೀಸೆಯ ಮೇಲೆ ಕೈಯಾಡಿಸಿದರು. ಹೋಳಿಹಬ್ಬಕ್ಕೆ ಅದಕ್ಕಿಂತ ಉತ್ತಮ ಯಂತ್ರ ಸಿಗಲಾರದು. ಆಮೇಲೆ ರವದಿ ಅದರ ಜಾಲರಿಯನ್ನು ಅಪ್ಪಿಕೊಂಡಿತು. ಯಲ್ಲಪ್ಪ ಎಳೆದ, ಜಗ್ಗಿದ, ಕೊನೆಗೆ ಹೊರತೆಗೆದು ಬಾಯಿಂದ ಊದಿದ. ಊದಿ ಮುಖ ಸಿಂಡರಿಸಿ ಬಾಳವ್ವನ ಆಡಿನ ಕಡೆ ನೋಡಿದ. ಅಲ್ಲಿಗೆ ಪಿಚಕಾರಿ ಚಿತ್ತಾಯಿತು.

ಎರಡನೆಯದು ನನ್ನ ಮೋಹದ ಚಕ್ರದ ಪಂಪು. ಪರೀಕ್ಷೆಗೆಂದೇ ವರ್ಕಶಾಪಿನವ ತಂದಿದ್ದ. ಬೀಸುವ ಕಲ್ಲಿನಂತೆ ಗರ್ರೆಂದು ಹಾಡುತ್ತ ತಿರುಗಿತು. ನೀರು ಗೆರೆಯಿಂದ ಕೆಳಗೆ ಇಳಿಯತೊಡಗಿತು. ನನ್ನ ಎದೆ ಹಿಗ್ಗಿತು. ಅಷ್ಟರಲ್ಲಿ ‘ಕಟ್’ ಎಂಬ ಸದ್ದು. ಒಂದು ಶೇಂಗಾದ ಸಿಪ್ಪೆ! ಹಿಡಿಕೆ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಮೂರನೆಯದು ಹತ್ತರಗಿಯ ಕಪ್ಪೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ಹಿಂದಿನ ಹಲಗೆಯ ಮೇಲೆ ಕುಳಿತಳು. (ಜನ ತುಂಬಿದಾಗ ಈ ದೋಣಿ ಹಿಂದಕ್ಕೆ ಬಾಗುತ್ತದೆ, ನೀರೆಲ್ಲ ಅಲ್ಲಿಗೇ ಓಡುತ್ತದೆ, ಪಂಪು ಅಲ್ಲಿಯೇ ಇರಬೇಕೆಂದು ಮೊದಲೇ ಮಂದಿಯನ್ನು ಕೂರಿಸಿ ನೋಡಿಕೊಂಡಿದ್ದೆವು.) ಲಿವರನ್ನು ಎತ್ತಿ ಒತ್ತಿದಳು. ಏನೂ ಬರಲಿಲ್ಲ. ಮತ್ತೊಮ್ಮೆ. ಕೊಳವೆ ಗುಳುಗುಳು ಎಂದಿತು. ಮತ್ತೊಮ್ಮೆ ಒತ್ತಿದಾಗ ಭಳಕ್ಕೆಂದು ಕಾರಿತು ನೋಡಿರಿ, ಕೆಸರು, ರವದಿ, ಸಿಪ್ಪೆ, ಹಿಕ್ಕೆ, ಎಲ್ಲವೂ ಒಂದೇ ಬಾಯಿಗೆ! ಹೆಂಗಸರು ಕೂಗಿದರು. ಆಚೆ ದಂಡೆಯಲ್ಲಿ ಅಕ್ಕನ ಹುಡುಗಿಯರು ನಿಂತಿದ್ದರು; ಅವರು ಅಲ್ಲಿಂದ ‘ಅಕ್ಕೋರ, ಒತ್ರಿ! ಅಕ್ಕೋರ, ಒತ್ರಿ!’ ಎಂದು ಒಂದೇ ದನಿಯಲ್ಲಿ ಪಾಠ ಒಪ್ಪಿಸುವ ಹಾಗೆ ಕೂಗತೊಡಗಿದರು.

ತಳ ಕಾಣಿಸಿತು. ಅಕ್ಕ ಕೈ ಬಿಟ್ಟಳು. ಆಗ ಒಂದು ಅನಾಹುತ ಆಗುವುದರಲ್ಲಿತ್ತು. ಬರಿದಾದ ದೋಣಿಯಲ್ಲಿ ನೀರು ಮತ್ತೆ ಏರುತ್ತಿದೆ! ಎಲ್ಲಿಂದ? ಹೊರಗಿನ ಕೊಳವೆಯ ಬಾಯಿ ಹೊಳೆಯೊಳಗೆ ಮುಳುಗಿತ್ತು. ಪಂಪಿನ ವಾಲ್ವಿನಲ್ಲಿ ರವದಿಯ ಎಲೆಯೊಂದು ಸಿಕ್ಕಿ ಅದು ಮುಚ್ಚಿರಲಿಲ್ಲ. ನಾವು ಹೊಳೆಗೆ ಕೊಟ್ಟ ನೀರನ್ನು ಹೊಳೆ ಅದೇ ದಾರಿಯಿಂದ ನಮಗೆ ಹಿಂದಿರುಗಿಸುತ್ತಿತ್ತು. ಯಲ್ಲಪ್ಪ ಹಾರಿ ಕೊಳವೆಯ ಬಾಯಿಯನ್ನು ಮೇಲೆತ್ತಿ ದೋಣಿಯ ಅಂಚಿಗೆ ಕಟ್ಟಿದ. ನಿಂತಿತು. ಇನ್ನು ಮುಂದೆ ಕೊಳವೆಯ ಬಾಯಿ ಯಾವಾಗಲೂ ನೀರಿಗಿಂತ ಮೇಲೆ ಎಂದು ಅಲ್ಲಿಯೇ ನಿಶ್ಚಯವಾಯಿತು. ನೆರೆಯಲ್ಲಿ ಕಲಿಯುವುದಕ್ಕಿಂತ ಬೇಸಿಗೆಯಲ್ಲಿ ಕಲಿಯುವುದು ಮೇಲಲ್ಲವೇ?

ಕೊನೆಯದು ಪಂದ್ಯ. ಯಲ್ಲಪ್ಪ ನಾಲ್ಕು ಜನ ಗಟ್ಟಿ ಆಳುಗಳನ್ನು ಕರೆದು ರಾಕೇಲ ಡಬ್ಬಿಗಳಿಂದ ದೋಣಿಗೆ ನೀರು ಸುರಿಯಹಚ್ಚಿದ. ಅಕ್ಕ ಹೊರಗೆ ಹಾಕಬೇಕು. ಅವರು ಸುರಿದರು, ಅಕ್ಕ ಒತ್ತಿದಳು. ದಣಿದಾಗ ಬಾಳವ್ವ ಆಡಿನ ಹಗ್ಗವನ್ನು ನನ್ನ ಕೈಗೆ ಕೊಟ್ಟು, ಹಲಗೆ ಹತ್ತಿ, ಲಿವರು ಹಿಡಿದಳು. ಆಮೇಲೆ ಯಾರು ಬಂದರೆಂದುಕೊಂಡಿರಿ? ಹುಕ್ಕೇರಿಯ ಸಾವಕಾರರು! ಕೊಡೆಯನ್ನು ದಂಡೆಗೆ ಒಗೆದು, ಧೋತರ ಮೇಲೆ ಕಟ್ಟಿ, ಲಿವರಿಗೆ ಕೈ ಹಾಕಿದರು.

‘ಸುರೀರಲೇ! ಇನ್ನೂ ಸುರೀರಿ! ಊಟಾ ಮಾಡಿಲ್ಲೇನ ಮುಂಜಾನಿ?’

ಸುರಿಯುವವರು ಸೋತರು. ನೀರು ಸುಣ್ಣದ ಗೆರೆಯನ್ನು ಮತ್ತೆ ಮುಟ್ಟಲೇ ಇಲ್ಲ. ಸಾವಕಾರರು ಬೆವರು ಒರೆಸಿಕೊಳ್ಳುತ್ತ, ಕೇಕೆ ಹಾಕಿ ನಗುತ್ತ ಹೇಳಿದರು: ‘ಇದ ನೋಡ್ರಿ ಬಂಬ! ಇದ ಬೇಕು. ನಾನ ಹೇಳತೇನಿ ಚೇರಮನ್ನರಿಗೆ.’

ಮರುದಿನವೇ ಅವರೊಂದಿಗೆ ಮೂಡಲಗಿಗೆ ಹೋದೆವು. ಅಕ್ಕ ಎಲ್ಲವನ್ನೂ ವಿವರಿಸಿದಳು: ಇಂಥದೇ ಪಂಪು, ಇಲ್ಲಿಯೇ ಕೂರಿಸಬೇಕು, ಕೊಳವೆ ಇಷ್ಟು ಎತ್ತರ. ಚೇರಮನ್ ಸಾಹೇಬರು ಎಲೆಗೆ ಸುಣ್ಣ ಸವರುತ್ತ ಕೇಳಿದರು.

‘ಖರೆ, ಎಲ್ಲಾ ಖರೆ. ಆದ್ರ ದೋಣಿಗೆ ಒಂದ ಬಂಬ ಕೊಟ್ಟಾಗೇತಿ. ಇನ್ನೊಂದ ಬೇಕಂದ್ರ, ಮದಲಿಂದು ಏನ ಮಾಡಿದ್ರಿ ಅಂತ ಮ್ಯಾಲಿನವರು ನನ್ನ ಕೇಳತಾರ. ನಾ ಏನ ಹೇಳಲಿ?’

‘ತಪ್ಪಾತು ಅಂತ ಹೇಳ್ರಿ,’ ಎಂದಳು ಅಕ್ಕ.

ಚೇರಮನ್ ಸಾಹೇಬರು ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. ಅಷ್ಟು ಸಣ್ಣ ಮಾತನ್ನು ಆ ಕೋಣೆಯಲ್ಲಿ ಹಿಂದೆ ಯಾರೂ ಆಡಿರಲಿಲ್ಲವೆಂದು ಕಾಣುತ್ತದೆ. ನಾನು ಸಾವಕಾರರ ಮುಖ ನೋಡಿದೆ. ಹಿಂದಿನ ದಿನ ದಂಡೆಯ ಮೇಲೆ ಕೇಕೆ ಹಾಕಿದವರು ಅಂದು ತಮ್ಮ ಕೊಡೆಯ ಹಿಡಿಕೆಯನ್ನು ನೋಡುತ್ತ ಕುಳಿತಿದ್ದರು. (ಆ ತಾಮ್ರದ ಬಂಬ ಈಗ ಎಲ್ಲಿದೆ? ಕಳುವಾಗದಿರಲೆಂದು ಚೇರಮನ್ ಸಾಹೇಬರ ಬಚ್ಚಲಲ್ಲಿಯೇ ಇಡಲಾಗಿದೆಯಂತೆ. ಕೆಂಡ ಹಾಕಿ ಪರೀಕ್ಷಿಸುವುದೂ ನಡೆದಿರಬೇಕು.)

ಇಲ್ಲಿಗೆ ಮುಗಿದಿದ್ದರೆ ಇದು ಒಂದು ನಗೆಪಾಟಲಿನ ಕಥೆಯಾಗಿ ಉಳಿಯುತ್ತಿತ್ತು. ಮುಗಿಯಲಿಲ್ಲ.

ಮೊನ್ನೆ ಕಲ್ಲೋಳಿಯಲ್ಲೂ ಮೇಲವಂಕಿಯಲ್ಲೂ ಕಮಿಟಿ ಡಂಗುರ ಹೊಡೆಸಿತು: ‘ಕೇಳ್ರಪೋ ಕೇಳ್ರಿ! ದೋಣಿಗೆ ಬಂಬ ಬಂದೈತಿ! ಈ ಸರತೆ ಮಳಿಗಾಲದಾಗೂ ದೋಣಿ ನಡೀತೈತಿ! ಮಂದಿ ದಾಟಬಹುದು, ದನಾ ದಾಟಬಹುದು!’

ಓದುಗರೇ, ಇದನ್ನು ಇನ್ನೊಮ್ಮೆ ಓದಿರಿ. ಹೋದ ವರ್ಷ ಪಂಪಿಲ್ಲವೆಂದು ದೋಣಿಗೆ ಬೀಗ ಹಾಕಿದರು. ಈ ವರ್ಷವೂ ಪಂಪಿಲ್ಲ. ಆದರೆ ‘ಬಂಬ’ ಎಂಬ ಶಬ್ದವಿದೆ. ಆ ಶಬ್ದದ ಬಲದ ಮೇಲೆ ಈ ಸಲ ಬೀಗವೇ ಬೇಡವೆಂದಿದ್ದಾರೆ. ಹತ್ತರಗಿಯ ಪಂಪು, ಕೊಟ್ಟ ಮಾತಿನಂತೆ, ಹತ್ತರಗಿಗೆ ಹೋಗಿದೆ. ಈಗ ದೋಣಿಯಲ್ಲಿರುವುದು ಆ ಕತ್ತರಿಸಿದ ರಾಕೇಲ ಡಬ್ಬಿ. ಮೊದಲಿನ ನಿರ್ಲಕ್ಷ್ಯದಿಂದ ಶಾಲೆಗೆ ಕುತ್ತು ಬಂದಿತ್ತು. ಈಗಿನದು ಜೀವಕ್ಕೇ ಕೈ ಹಾಕಿದೆ.

ಯಲ್ಲಪ್ಪನನ್ನು ಕೇಳಿದೆ: ನೀನು ಓಡಿಸುವುದಿಲ್ಲ ಎನ್ನಲಾರೆಯಾ?

‘ಅನ್ನಬಹುದ್ರಿ. ನಾ ಒಲ್ಲೆ ಅಂದ್ರ ನಾಳೆ ಇನ್ನೊಬ್ಬಗ ಕೊಡತಾರ. ಅಂವಗ ಈ ಹೊಳೀ ಸೆಳವು ಗೊತ್ತಿರೂದಿಲ್ಲ. ಅದಕ್ಕಿಂತ ನಾನ ಇರೂದ ಚಲೋ.’

ಅಕ್ಕನನ್ನು ಕೇಳಿದೆ: ನೀನು ಹತ್ತದಿರಲಾರೆಯಾ?

‘ದೋಣಿ ಬಿಟ್ರ ಹತ್ತತೇನಿ.’

‘ಪಂಪಿಲ್ಲ ಅಕ್ಕಾ.’

‘ಗೊತ್ತೈತಿ. ದೋಣಿ ನಡೀತೈತಿ ಅಂತ ಆಚೀ ಕಡೆನೂ ಡಂಗುರ ಆಗೇತಿ. ಹುಡಿಗೇರು ಪಾಟೀ ಹಿಡಕೊಂಡ ಬಾಗಲದಾಗ ಕುಂತಿರತಾವು. ಅಕ್ಕೋರ ಬರಲಿಲ್ಲ ಅಂದ್ರ ಎದ್ದ ಮನಿಗೆ ಹೊಕ್ಕಾವು. ಒಮ್ಮೆ ಹೋದ್ರ…’ ಎಂದು ಅಲ್ಲಿಗೇ ನಿಲ್ಲಿಸಿ, ಮಾರನೆಯ ದಿನದ ಲೆಕ್ಕಗಳನ್ನು ಬರೆಯತೊಡಗಿದಳು.

ಆದುದರಿಂದ ನದಿದಾಟು ಕಮಿಟಿಯ ಚೇರಮನ್ನರಲ್ಲಿಯೂ ಸದಸ್ಯರಲ್ಲಿಯೂ ಈ ಅಂಕಣದ ಮೂಲಕ ವಿನಯಪೂರ್ವಕವಾಗಿ, ಆದರೆ ಸಾರ್ವಜನಿಕವಾಗಿ ಬಿನ್ನವಿಸುತ್ತೇನೆ. ತೊಗಲಿನ ತಿದಿಯ, ಲಿವರಿನ ಕೈಪಂಪೊಂದನ್ನು, ಕುಳಿತವರು ನಡೆಸಲು ಬರುವಂಥದನ್ನು, ಮಿರಗದ ಮಳೆ ಹಿಡಿಯುವ ಮೊದಲು ದೋಣಿಯ ಹಿಂಬದಿಗೆ ಕೂರಿಸಬೇಕು. ಅಲ್ಲಿಯವರೆಗೆ, ದೋಣಿಗೆ ಪಂಪು ಬಂದಿಲ್ಲವೆಂಬ ನಿಜವನ್ನು ಅದೇ ಡಂಗುರದಿಂದ, ಅದೇ ಊರುಗಳಲ್ಲಿ ಸಾರಬೇಕು. ಬಂಬವನ್ನು ತರಿಸಿದ್ದು ತಪ್ಪಾಯಿತೆಂದು ಮೇಲಿನವರಿಗೆ ತಿಳಿಸಬೇಕು. ಹೇಳಿದರೆ ಆಕಾಶ ಬೀಳುವುದಿಲ್ಲವೆಂಬುದಕ್ಕೆ ನಾನು ಜಾಮೀನು. ಹುಕ್ಕೇರಿಯ ಸದಸ್ಯರು ಹೊಳೆಯ ದಂಡೆಯಲ್ಲಿ ಆಡಿದ ಮಾತನ್ನು ಮುಂದಿನ ಮೀಟಿಂಗಿನಲ್ಲಿಯೂ ಆಡಬೇಕು. ಇವುಗಳಲ್ಲಿ ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ, ಏಕೆ ಮಾಡುವುದಿಲ್ಲ ಎಂಬುದಕ್ಕೆ ಉತ್ತರವನ್ನು ಇದೇ ಪತ್ರಿಕೆಗೆ ದಯಪಾಲಿಸಬೇಕು.

ಮೊದಲ ಮಳೆಯ ಮರುದಿನ, ಬೆಳಗಿನ ಮೊದಲ ಖೇಪಿನಲ್ಲಿ, ಅಕ್ಕನ ಪಕ್ಕದ ಜಾಗವನ್ನು ಯಲ್ಲಪ್ಪ ಖಾಲಿ ಇಡುತ್ತಾನೆ: ಅಲ್ಲಿಗೆ ಪಂಪು ಬರುತ್ತದೆಯೋ, ಚೇರಮನ್ ಸಾಹೇಬರೇ ರಾಕೇಲ ಡಬ್ಬಿ ಹಿಡಿದು ಬಂದು ಕುಳಿತುಕೊಳ್ಳುತ್ತಾರೋ, ದಯಮಾಡಿ ಮುಂಚಿತವಾಗಿ ತಿಳಿಸಬೇಕು.